ಟಿಲ್ಡಾ ಓವರ್‌ಬಿಯ ನೆಲಮಾಳಿಗೆ ಮತ್ತು ನಮ್ಮ ಬೀದಿಯ ಸಂಕೋಚ

ಟಿಲ್ಡಾ ಓವರ್‌ಬಿ ನಮ್ಮ ಬೀದಿಯ ವಾರ್ಡನ್ ಆದದ್ದು ಆಕೆಗೆ ಧೈರ್ಯ ಹೆಚ್ಚೆಂದಲ್ಲ, ಆಕೆಯ ಮನೆಯ ನೆಲಮಾಳಿಗೆ ದೊಡ್ಡದೆಂದು. ಗಂಡ ಹಾಲ್ವರ್ ಬದುಕಿದ್ದಾಗ ಆಲೂಗಡ್ಡೆ ವ್ಯಾಪಾರ ಮಾಡುತ್ತಿದ್ದವರು. ಚಳಿಗಾಲದಲ್ಲಿ ಸರಕು ಹೆಪ್ಪುಗಟ್ಟಬಾರದೆಂದು ಬಂಡೆ ಒಡೆಸಿ ಅಷ್ಟು ಆಳಕ್ಕೆ ಅಗೆಸಿದ್ದರು. ಅವರು ತೀರಿಕೊಂಡ ಮೇಲೆ ಆಲೂಗಡ್ಡೆಯ ಜಾಗಕ್ಕೆ ಟಿಲ್ಡಾ ಹಾಕಿದ ಉಪ್ಪಿನಕಾಯಿಯ ಜಾಡಿಗಳು ಬಂದವು. ಅಷ್ಟರಲ್ಲಿ ರಷ್ಯದವರೂ ಅಣುಬಾಂಬು ಮಾಡಿದ್ದಾರೆಂದು ಸುದ್ದಿಯಾಯಿತು. ಬಾಂಬು ಬಿದ್ದರೆ ಜನ ಅಡಗಲು ಯಾರ ಮನೆಯಲ್ಲಿ ಆಳವಾದ ಗುಂಡಿಯಿದೆ ಎಂದು ಸರ್ಕಾರದವರು ಊರೂರು ಹುಡುಕತೊಡಗಿದರು. ಹಾಗೆ, ಶಾಲೆಯ ಅಡುಗೆಮನೆಯಲ್ಲಿ ಜೀವಮಾನವೆಲ್ಲ ಸೌಟು ಹಿಡಿದಿದ್ದ ಕೈಗೆ ಒಂದು ಸೀಟಿ ಬಂತು, ತೋಳಿಗೆ ಪಟ್ಟಿ ಬಂತು, ತಲೆಗೊಂದು ಬಿಳಿ ಹೆಲ್ಮೆಟ್ ಬಂತು. ಹೆಲ್ಮೆಟ್ ಆಕೆಗೆ ದೊಡ್ಡದು. ಒಳಗೆ ಪಾತ್ರೆ ಹಿಡಿಯುವ ಮಸಿಬಟ್ಟೆ ಮಡಿಸಿಟ್ಟು ಹಾಕಿಕೊಳ್ಳುತ್ತಿದ್ದರು.

ನಮ್ಮ ಗ್ರೇ ಪಾಯಿಂಟ್ ಸುಪೀರಿಯರ್ ಸರೋವರದ ದಡದ ಸಣ್ಣ ಊರು. ಆದರೆ ಇಲ್ಲಿ ಹಡಗಿಗೆ ಕಬ್ಬಿಣದ ಅದಿರು ತುಂಬುವ ಕಟ್ಟೆಯಿದೆ. ಆದ್ದರಿಂದ ಶತ್ರುವಿನ ನಕಾಶೆಯಲ್ಲಿ ನಮ್ಮೂರಿಗೆ ಗುರುತು ಹಾಕಿಯೇ ಇರುತ್ತಾರೆಂದು ಎಲ್ಲರ ನಂಬಿಕೆ. ಮಿನಿಯಾಪೊಲಿಸ್ಸಿನಲ್ಲಿ ಹುಟ್ಟಿ, ಓದಿ, ಮದುವೆಯಾಗಿ ಇಲ್ಲಿಗೆ ಬಂದ ನನಗೆ ಆ ಮಾತು ಕೇಳಿದ ದಿನ ಊಟ ಸೇರಲಿಲ್ಲ. ಊರಿನವರಿಗೋ ಅದೊಂದು ಮರ್ಯಾದೆಯ ಸಂಗತಿ. ಪಕ್ಕದ ಮೂಸ್ ಬೇ ಊರಿನವನೊಬ್ಬ ಕ್ಷೌರದಂಗಡಿಯಲ್ಲಿ ಕೂತು, "ನಮ್ಮಲ್ಲೂ ಮರದ ಮಿಲ್ ಇದೆಯಪ್ಪ, ನಮ್ಮ ಮೇಲೂ ಹಾಕ್ತಾರೆ" ಎಂದನಂತೆ. ಅದಕ್ಕೆ ನನ್ನ ಗಂಡ ಆರ್ವಿಡ್, "ನಿಮ್ಮೂರಿನ ಮೇಲೆ ಹಾಕೋಕೆ ಅವರ ಹತ್ರ ಏನು ಬಾಂಬು ಮಿಕ್ಕಿ ಕೊಳೀತಾ ಇದ್ಯಾ?" ಎಂದು ಕೇಳಿದ್ದಕ್ಕೆ ಆ ಮನುಷ್ಯ ಅರ್ಧ ಗಡ್ಡದಲ್ಲೇ ಎದ್ದು ಹೋದನಂತೆ. ಇದನ್ನು ಹೇಳಿಕೊಂಡು ಆರ್ವಿಡ್ ಮನೆಯಲ್ಲಿ ಬಿದ್ದು ಬಿದ್ದು ನಕ್ಕ. ನಮ್ಮ ಸಿಗ್ರಿಡ್‌ಗೆ ಆಗ ಹಲ್ಲು ಬರುತ್ತಿತ್ತು. ಅವಳು ರಚ್ಚೆ ಹಿಡಿದು ಅಳುತ್ತಿದ್ದಳು, ಅವಳ ಜೊತೆ ನಾನೂ ಅತ್ತೆ.

ಮರುದಿನವೇ ಮಗುವನ್ನೆತ್ತಿಕೊಂಡು ಟಿಲ್ಡಾ ಮನೆಗೆ ಹೋದೆ.

"ಮಿಸೆಸ್ ಓವರ್‌ಬಿ, ನಿಮ್ಮ ನೆಲಮಾಳಿಗೇಲಿ ನಮಗೂ ಜಾಗ ಇರುತ್ತಾ?"

"ಕಾಫಿ ಕುಡೀತೀಯಾ?"

"ಬೇಡಿ, ತೊಂದರೆ ತಗೋಬೇಡಿ. ನಾನು ಕೇಳೋಕೆ ಬಂದಿದ್ದು—"

"ಸ್ವಲ್ಪ ಕುಡಿ."

"ಸರಿ, ಕೊಡಿ."

ಟಿಲ್ಡಾ ಕೆಟಲ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು. "ನೀನು ಊರಿಗೆ ಹೊಸಬಳು, ಅದಕ್ಕೇ ಹೇಳ್ತೀನಿ. ಎರಡನೇ ಸಲಾನೂ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ, ಅರ್ಧ ಕಪ್ ಸಾಕು ಅನ್ನಬೇಕು. ಆಮೇಲೆ ಮೂರು ಕಪ್ ಕುಡೀಬೇಕು. ಇಲ್ಲದಿದ್ರೆ ಮನೇಲಿ ಗಂಡ ಕಾಫಿಗೂ ಗತಿ ಇಲ್ಲದ ಹಾಗೆ ಇಟ್ಟಿದಾನೆ ಅಂದ್ಕೋತಾರೆ."

"ಜಾಗದ ವಿಷಯ..."

"ಜಾಗಕ್ಕೇನು, ಮಗುಗೆ ಹಳೇ ಆಲೂಗಡ್ಡೆ ತೊಟ್ಟಿ ಇದೆ. ಕಂಬಳಿ ಹಾಸಿದ್ರೆ ಅದೇ ತೊಟ್ಟಿಲು. ನೀನು ಅದರ ಪಕ್ಕ ಕೂತ್ಕೋ. ಆರ್ವಿಡ್ ನಿಂತ್ಕೊಳ್ಳಲಿ, ಅವನಿಗೆ ಅದಿರು ಕಟ್ಟೇಲಿ ದಿನಾ ನಿಂತು ಅಭ್ಯಾಸ."

ಕೆಳಗೆ ಕರೆದುಕೊಂಡು ಹೋಗಿ ತೋರಿಸಿದರು. ಗೋಡೆಯುದ್ದಕ್ಕೂ ಅಟ್ಟಣಿಗೆಗಳು, ಅವುಗಳ ಮೇಲೆ ಸೌತೆಕಾಯಿ, ಎಲೆಕೋಸು, ಬೀಟ್‌ರೂಟ್, ಸೇಬಿನ ಹೋಳು, ಎಲ್ಲ ಜಾಡಿಗಳಲ್ಲಿ ಮಿನುಗುತ್ತಿದ್ದವು. ಮನೆಯಲ್ಲಿ ವಾರಕ್ಕಾಗುವಷ್ಟು ಊಟ ಕೂಡಿಡಿ ಎಂದು ಸರ್ಕಾರದ ಕರಪತ್ರ ಹೇಳುತ್ತಿತ್ತು. ಇಲ್ಲಿ ಮುಂದಿನ ಯುದ್ಧ ಮುಗಿದು ಅದರ ಮುಂದಿನದು ಶುರುವಾದರೂ ಉಪ್ಪಿನಕಾಯಿ ಉಳಿಯುವಂತಿತ್ತು. ಆ ದಿನದಿಂದ ನನಗೆ ಸ್ವಲ್ಪ ನಿದ್ದೆ ಹತ್ತಿತು.

ಮೊದಲ ಡ್ರಿಲ್ ಆದದ್ದು ಹಿಮ ಕರಗಿ ಬೀದಿಯೆಲ್ಲ ಕೆಸರಾಗಿದ್ದ ಕಾಲದಲ್ಲಿ. ಕೌಂಟಿಯ ನಾಗರಿಕ ರಕ್ಷಣೆಯ ಅಧಿಕಾರಿ ಪ್ರಾಟ್ ಎಂಬವರು ಗಡಿಯಾರ ಹಿಡಿದು ಟಿಲ್ಡಾ ಮನೆಯ ಅಂಗಳದಲ್ಲಿ ನಿಂತಿದ್ದರು. ನ್ಯೂಜೆರ್ಸಿಯಿಂದ ವರ್ಗವಾಗಿ ಬಂದವರು, ಚುರುಕು ಮನುಷ್ಯ, ಮಾತು ಕತ್ತರಿಸಿದ ಹಾಗೆ. ನಿಯಮ ಸರಳವಾಗಿತ್ತು. ಸೈರನ್ ಕೂಗಿದ ಕಾಲು ಗಂಟೆಯೊಳಗೆ ಬೀದಿಯವರೆಲ್ಲ ನೆಲಮಾಳಿಗೆಯಲ್ಲಿರಬೇಕು. ವಾರ್ಡನ್ ಬೀದಿಯಲ್ಲಿ ಸೀಟಿ ಊದುತ್ತಾ ಮನೆಮನೆ ನೋಡಿ, ಎಲ್ಲರನ್ನೂ ಒಳಗೆ ಕಳಿಸಿ ಬಾಗಿಲು ಹಾಕಬೇಕು.

ಸೈರನ್ ಕೂಗಿತು. ಟಿಲ್ಡಾ ಸೀಟಿ ಊದಿದರು. ನಾನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಒಂದೇ ಉಸಿರಿಗೆ ಓಡಿ ಕೆಳಗಿಳಿದೆ. ನೋಡಿದರೆ ಅಲ್ಲಿ ನಾನೊಬ್ಬಳೇ! ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಯಾರೂ ಇಲ್ಲ. ಎಲ್ಲರೂ ಸತ್ತೇ ಹೋದರೇನೋ, ಇದು ಡ್ರಿಲ್ ಅಲ್ಲ ನಿಜವೇ ಇರಬೇಕು ಎಂದು ಮಗುವನ್ನು ಅವುಚಿಕೊಂಡೆ.

ಆಮೇಲೆ ಮೆಟ್ಟಿಲ ಮೇಲೆ ಮೊದಲು ಪರಿಮಳ ಇಳಿಯಿತು, ಅದರ ಹಿಂದೆ ಜನ. ಒಬ್ಬೊಬ್ಬ ಹೆಂಗಸಿನ ಕೈಯಲ್ಲೂ ಬಟ್ಟೆ ಸುತ್ತಿದ ಬಿಸಿ ಪಾತ್ರೆ. ಕೊಚ್ಚಿದ ಮಾಂಸ, ಆಲೂಗಡ್ಡೆ, ಮೇಲೆ ಡಬ್ಬಿ ಸೂಪು ಸುರಿದು ಬೇಯಿಸಿದ ಹಾಟ್‌ಡಿಷ್. ಇನ್ನೊಬ್ಬರ ಮನೆಗೆ ಹೋಗಬೇಕು ಅಂದರೆ ಈ ಊರಿನವರು ಬರಿಗೈಯಲ್ಲಿ ಹೋದವರಲ್ಲ. ಬಾಂಬು ಬೀಳಲಿ, ಆಕಾಶವೇ ಬೀಳಲಿ, ಮೊದಲು ಒಲೆ ಹಚ್ಚಬೇಕು.

ಹಾರ್ಡ್‌ವೇರ್ ಅಂಗಡಿ ಸೆಲ್ಮರ್ ಹಾಗನ್‌ನ ಹೆಂಡತಿ ವರ್ನಾ ತನ್ನ ಪಾತ್ರೆಯ ಮುಚ್ಚಳ ತೆಗೆದು, "ಮೇಲ್ಗಡೆ ಇನ್ನೂ ಕೆಂಪಾಗಬೇಕಿತ್ತು. ಸೈರನ್‌ನವರು ಇನ್ನು ಹತ್ತು ನಿಮಿಷ ಮುಂಚೆ ಹೇಳಿದ್ರೆ ಚೆನ್ನಾಗಿತ್ತು" ಎಂದಳು.

ಅವರ ಹಿಂದೆಯೇ ಇಳಿದು ಬಂದ ಪ್ರಾಟ್ ಗಡಿಯಾರ ನೋಡಿದರು, ಪಾತ್ರೆಗಳ ಸಾಲು ನೋಡಿದರು. "ಮೇಡಂ, ನೀವೆಲ್ಲ ಸುಟ್ಟು ಬೂದಿಯಾಗಿ ಮುಕ್ಕಾಲು ಗಂಟೆಯಾಯ್ತು."

"ಹೌದಾ? ಹಾಗಾದ್ರೆ ಹಸಿದಿರ್ತೀರಿ, ಒಂದು ತಟ್ಟೆ ಹಾಕಲಾ?" ಎಂದಳು ವರ್ನಾ.

ಎರಡನೆಯ ಸಲಕ್ಕೆ ಟಿಲ್ಡಾ ಬಿಗಿ ಮಾಡಿದರು. ಮನೆಮನೆಗೆ ಹೋಗಿ, "ಯಾರೂ ಏನೂ ತರೋ ಹಾಗಿಲ್ಲ. ಬರಿಗೈಲಿ ಬರಬೇಕು. ಇದು ಸರ್ಕಾರದ ಆಜ್ಞೆ" ಎಂದರು. ಎಲ್ಲರೂ ತಲೆಯಾಡಿಸಿದರು, ಆದರೆ ಆ ತಲೆಯಾಡಿಸುವುದರಲ್ಲಿ ಜೀವವಿರಲಿಲ್ಲ.

ಬೇಸಿಗೆಯ ಆ ಬೆಳಿಗ್ಗೆ ಎಲ್ಲರೂ ಹೇಳಿದ ಹೊತ್ತಿಗೆ ಬಂದರು. ಬಂದು ಅಂಗಳದಲ್ಲೇ ನಿಂತರು. ಬರಿಗೈ ಎಲ್ಲಿಡುವುದೆಂದು ತಿಳಿಯದೆ ಗಂಡಸರು ಜೇಬಿಗೆ ತುರುಕಿಕೊಂಡರು, ಹೆಂಗಸರು ಅಪ್ರನ್ ಹಿಂಡಿದರು.

"ಒಳಗೆ ಹೋಗಿ!" ಟಿಲ್ಡಾ ಗೇಟಿನಿಂದ ಕೂಗಿದರು.

"ಇರಲಿ ಟಿಲ್ಡಾ, ನಿನಗ್ಯಾಕೆ ತೊಂದರೆ. ನಾವು ಇಲ್ಲೇ ಹೊರಗೆ ಇರ್ತೀವಿ" ಎಂದ ಸೆಲ್ಮರ್.

"ಬಾಂಬು ಬೀಳ್ತಿದೆ ಕಣೋ!"

"ಹೌದು, ಆದ್ರೂ. ಒಂದು ಬಿಸ್ಕತ್ತೂ ತರದೆ ಹೇಗೆ ಒಳಗೆ ಬರೋದು."

ಕಡೆಗೆ ಅವರನ್ನು ಬಾಗಿಲವರೆಗೆ ತಳ್ಳಿದ್ದಾಯಿತು. ಅಲ್ಲಿ ಇನ್ನೊಂದು ಶುರುವಾಯಿತು. "ನೀವು ಮೊದಲು." "ಛೆ, ನೀವು ದೊಡ್ಡವರು, ನೀವು ಮೊದಲು." "ನಿಮ್ಮ ಮೊಣಕಾಲು ನೋವಲ್ವಾ, ಇಳೀರಿ." "ನನ್ನ ಮೊಣಕಾಲಿಗೇನಾಗಿದೆ, ಚೆನ್ನಾಗಿದೆ. ನೀವಿಳೀರಿ." ಆರ್ವಿಡ್ ಬಾಗಿಲನ್ನು ಹಿಡಿದು ನಿಂತವನು ನಿಂತೇ ಇದ್ದ. ಅವನನ್ನು ದಾಟಿ ಒಳಗೆ ಹೋಗುವುದು ಸೊಕ್ಕು ಎಂದು ಯಾರೂ ದಾಟಲಿಲ್ಲ, ಬಾಗಿಲು ಬಿಟ್ಟು ತಾನು ಒಳಗೆ ಹೋಗುವುದು ಒರಟುತನ ಎಂದು ಅವನೂ ಬಿಡಲಿಲ್ಲ. ಒಳಗೆ ಆಲೂಗಡ್ಡೆ ತೊಟ್ಟಿಯ ಪಕ್ಕ ಕೂತು ನಾನು ಇದನ್ನೆಲ್ಲ ಕೇಳುತ್ತಾ ಉಗುರು ಕಚ್ಚುತ್ತಿದ್ದೆ. ಗಡುವು ಮೀರಿತು.

ಪ್ರಾಟ್ ಈ ಸಲ ತಮಾಷೆ ಮಾಡಲಿಲ್ಲ. ಎಲ್ಲರೆದುರಿಗೇ ಹೇಳಿಬಿಟ್ಟರು. "ಮಿಸೆಸ್ ಓವರ್‌ಬಿ, ಅಕ್ಟೋಬರಿನಲ್ಲಿ ಮತ್ತೆ ಬರುತ್ತೇನೆ. ಆಗಲೂ ಹೀಗೇ ಆದರೆ ವಾರ್ಡನ್ ಬದಲಾಗುತ್ತಾರೆ. ಮಿಸ್ಟರ್ ಹಾಗನ್ ಆಸಕ್ತಿ ತೋರಿಸಿದ್ದಾರೆ. ಅವರ ಹತ್ತಿರ ಸ್ವಂತ ಕಾಂಕ್ರೀಟ್ ಕೋಣೆಯೂ ಇದೆ."

ಸೆಲ್ಮರ್ ಬೂಟಿನ ತುದಿ ನೋಡಿಕೊಂಡ. ಆಸಕ್ತಿ ಎಂದರೇನು, ಅವನಿಗೆ ಆ ಹೆಲ್ಮೆಟ್ ಮೇಲೆ ವರ್ಷದಿಂದ ಕಣ್ಣಿತ್ತು. ಅಂಗಡಿಯ ಹಿತ್ತಲಲ್ಲಿ ಅವನು ಕಟ್ಟಿಸಿದ ಕೋಣೆ ಗಟ್ಟಿಯಾಗಿತ್ತು ನಿಜ. ಅವನು ವಾರ್ಡನ್ ಆದರೆ ಬೀದಿಯವರೆಲ್ಲ ಸೇರಬೇಕಾದ್ದೂ ಅಲ್ಲೇ. ಆದರೆ ಅದರಲ್ಲಿ ಹನ್ನೆರಡು ಮಂದಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಬೀದಿಯ ಮೇಲ್ತುದಿಯಿಂದ ತಲೆ ಎಣಿಸಿದರೆ ನಮ್ಮ ಮನೆ ಬರುವ ಹೊತ್ತಿಗೆ ಕೋಣೆ ತುಂಬಿಹೋಗಿರುತ್ತಿತ್ತು. ಟಿಲ್ಡಾ ವಾರ್ಡನ್ ಆಗಿರುವವರೆಗೆ ಸಿಗ್ರಿಡ್‌ಗೆ ತೊಟ್ಟಿಯಿದೆ, ಸೆಲ್ಮರ್ ಆದರೆ ಇಲ್ಲ. ನನ್ನ ಲೆಕ್ಕ ಇಷ್ಟೇ.

ಅದೇ ಬೇಸಿಗೆಯಲ್ಲಿ ರಷ್ಯದವರು ಇನ್ನೂ ದೊಡ್ಡ ಬಾಂಬೊಂದನ್ನು, ಜಲಜನಕದ್ದನ್ನು, ಸಿಡಿಸಿದರೆಂದು ರೇಡಿಯೋ ಹೇಳಿತು. ನಮ್ಮವರು ಆಗಲೇ ಸಿಡಿಸಿಯಾಗಿತ್ತು. ಅವರದು ದೊಡ್ಡದಾದರೆ ನಮ್ಮದು ಅದಕ್ಕಿಂತ ದೊಡ್ಡದಾಗಬೇಕು, ಆಗಲೇ ಶಾಂತಿ ಇರುತ್ತದೆ ಎಂದು ದೊಡ್ಡವರ ವಾದ. ಹೀಗೆ ಎರಡು ಮನೆಯವರು ಜಿದ್ದಿಗೆ ಬಿದ್ದು ಬೇಲಿ ಎತ್ತರಿಸುವುದನ್ನು ನೋಡಿದ್ದೆ, ಕಡೆಗೆ ಇಬ್ಬರ ತೋಟಕ್ಕೂ ಬಿಸಿಲಿಲ್ಲದಂತಾಗುತ್ತದೆ. ನಾನು ಟಿಲ್ಡಾ ಅಡುಗೆಮನೆಗೆ ಓಡಿದೆ.

"ಏನು ಮಾಡ್ತೀರಿ ಮಿಸೆಸ್ ಓವರ್‌ಬಿ? ಅಕ್ಟೋಬರ್ ಬಂದೇ ಬಿಡ್ತು."

ಆಕೆ ಬೀಟ್‌ರೂಟ್ ಬೇಯಿಸುತ್ತಿದ್ದರು, ಮೊಣಕೈವರೆಗೆ ಕೆಂಪು. "ಊಫ್ ದಾ" ಎಂದರು. ಆಗದ ಹೋಗದ ಎಲ್ಲದಕ್ಕೂ ನಮ್ಮೂರಲ್ಲಿ ಅದೇ ಮಾತು. "ಬಯ್ದು ಕರೆದ್ರೆ ಬರ್ತಾರಾ? ಇಲ್ಲ. ಊಟಕ್ಕೆ ಕರೆದ್ರೆ ಬರ್ತಾರಾ? ಮೂರು ಸಲ ಕರೀಬೇಕು. ಜೀವ ಉಳಿಸ್ಕೊಳ್ಳಿ ಬನ್ನಿ ಅಂದ್ರೆ, ಅಯ್ಯೋ ನಮ್ಮ ಜೀವಕ್ಕೋಸ್ಕರ ನಿಮಗೆ ತೊಂದರೆಯಾ ಅಂತಾರೆ. ಶಾಲೇಲಿ ಮಕ್ಕಳಿಗೆ ಬಡಿಸ್ತಿದ್ದೆನಲ್ಲ, ಆ ಮಕ್ಕಳೂ ಹೀಗೇ. ಹೊಟ್ಟೆ ಹಸಿದು ಕಣ್ಣು ತೇಲ್ತಿದ್ರೂ ಸಾಕು ಅನ್ನೋವು. ಅದಕ್ಕೆ ನಾನು, 'ಪಾತ್ರೆ ತೊಳೀಬೇಕು, ಇದನ್ನ ಸ್ವಲ್ಪ ಖಾಲಿ ಮಾಡಿಕೊಡ್ತೀಯಾ?' ಅಂತಿದ್ದೆ. ಆಗ ನೋಡು, ತಿನ್ನೋವು."

ಹೀಗೆ ಹೇಳುತ್ತಿದ್ದಂತೆ ಆಕೆಯ ಸೌಟು ಪಾತ್ರೆಯೊಳಗೆ ನಿಂತುಬಿಟ್ಟಿತು.

"ಏನು?" ಎಂದೆ.

"ಏನಿಲ್ಲ. ನೀನು ಮಗೂಗೆ ಹಾಲು ಕುಡಿಸು ಹೋಗು" ಎಂದು ಸಾಗಹಾಕಿದರು.

ಅಕ್ಟೋಬರಿನ ಡ್ರಿಲ್ ದಿನ ಸರೋವರದ ಮೇಲಿಂದ ಚಳಿಗಾಳಿ ಬೀಸುತ್ತಿತ್ತು. ಪ್ರಾಟ್ ಕೋಟಿನ ಕಾಲರ್ ಎತ್ತಿಕೊಂಡು ಅಂಗಳದಲ್ಲಿ ನಿಂತರು. ಸೈರನ್ ಏರಿತು. ನಾನು ಸಿಗ್ರಿಡ್‌ಗೆ ಎರಡನೆಯ ಕಾಲುಚೀಲ ಹಾಕುತ್ತಿದ್ದೆ. ಸೀಟಿಗಾಗಿ ಕಿವಿಗೊಟ್ಟೆ. ಸೀಟಿ ಕೇಳಲಿಲ್ಲ. ಕೇಳಿದ್ದು ಟಿಲ್ಡಾ ಗಂಟಲು.

"ಯಾರಾದ್ರೂ ಬನ್ನೀ! ನೆಲಮಾಳಿಗೇಲಿ ಅಟ್ಟಣಿಗೆ ಬಿದ್ಹೋಗಿದೆ! ನನ್ನೊಬ್ಬಳ ಕೈಲಾಗಲ್ಲ, ಬನ್ನೀ!"

ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ನೆರವು ಕೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ, "ನಿಮಗೆ ಬಿಡುವಾದಾಗ ಒಂದು ಬಕೆಟ್ ನೀರು ಸಿಗಬಹುದಾ" ಎನ್ನುವ ಜನ. ಅಂಥಲ್ಲಿ ಟಿಲ್ಡಾ ಓವರ್‌ಬಿ ಬಾಯಿಬಿಟ್ಟು ಬನ್ನಿ ಎಂದರೆ! ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದವು. ವರ್ನಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸೆಲ್ಮರ್ ಗಿರಾಕಿಯನ್ನು ಮೊಳೆಯ ತಕ್ಕಡಿಯ ಮುಂದೆ ಬಿಟ್ಟು ಬಂದ. ಕೆನ್ನೆಗೆ ಸೋಪು ಹಚ್ಚಿಕೊಂಡಿದ್ದ ಆರ್ವಿಡ್ ಹಾಗೇ ಹಾರಿ ಹೋದ. ಬಾಗಿಲಲ್ಲಿ ಯಾರೂ ಯಾರಿಗೂ ದಾರಿ ಬಿಡಲಿಲ್ಲ, ಹೆಗಲು ತಾಗಿಸಿಕೊಂಡೇ ಇಳಿದರು. ಟಿಲ್ಡಾ ಮಾತ್ರ ಬೀದಿಯ ಕೊನೆಯ ಮನೆಯವರೆಗೆ ಹೋಗಿ, ಕಿವಿ ಮಂದವಾದ ಮುದುಕಿಯೊಬ್ಬರ ಕೈಹಿಡಿದು ಕರೆತಂದು, ಎಲ್ಲರಿಗಿಂತ ಕೊನೆಗೆ ಒಳಗೆ ಬಂದು ಬಾಗಿಲು ಹಾಕಿದರು.

ಅದಕ್ಕೂ ಮುಂಚೆ ಮೆಟ್ಟಿಲಿಳಿದ ನಾನು ಕೆಳಗೆ ನೋಡಿ ಚೀರಿಬಿಟ್ಟಿದ್ದೆ. ನೆಲದ ತುಂಬ ರಕ್ತ!

"ಬೀಟ್‌ರೂಟ್ ಕಣೇ, ಬೀಟ್‌ರೂಟ್" ಎಂದಳು ವರ್ನಾ, ಮೊಣಕಾಲೂರಿ ಗಾಜಿನ ಚೂರು ಆಯುತ್ತಾ. "ಮಗೂನ ತೊಟ್ಟೀಲಿ ಹಾಕಿ ಆ ಬಕೆಟ್ ಈಕಡೆ ಕೊಡು."

ಒಂದು ಇಡೀ ಅಟ್ಟಣಿಗೆ ಮಗುಚಿ ಬಿದ್ದಿತ್ತು. ಬೇಸಿಗೆಯ ಅಷ್ಟೂ ಬೀಟ್‌ರೂಟ್ ನೆಲದ ಪಾಲು. ಗಂಡಸರು ಹಲಗೆ ಎತ್ತುತ್ತಿದ್ದರು, ಹೆಂಗಸರು ಒರೆಸುತ್ತಿದ್ದರು. ಸೆಲ್ಮರ್ ಅಂಗಿಯ ತೋಳು ಮಡಿಸಿ ನೆಲ ಒರೆಸುವ ಕೋಲು ಹಿಡಿದಿದ್ದ. ಕೆಳಗಿಳಿದು ಬಂದ ಪ್ರಾಟ್ ಗಡಿಯಾರ ನೋಡಿದರು. ನಿಂತುಹೋಗಿದೆಯೇನೋ ಎಂದು ಕಿವಿಗಿಟ್ಟುಕೊಂಡರು. ಅವರ ಮುಖದ ಮೇಲೆ ಮೊದಲ ಬಾರಿಗೆ ನಗು ಕಂಡಿತು.

"ಐದು ನಿಮಿಷವೂ ಆಗಿಲ್ಲ! ಕೌಂಟಿಯಲ್ಲೇ ಯಾರೂ ಹೀಗೆ ಬಂದಿಲ್ಲ. ಶಭಾಷ್ ಮಿಸೆಸ್ ಓವರ್‌ಬಿ." ಎಂದವರು ಕೆಂಪು ನೆಲ ನೋಡಿ ಕೊಂಚ ತಡೆದರು. "ಒಂದು ಮಾತು. ಇವರೆಲ್ಲ ಬಂದದ್ದು ಸೈರನ್‌ಗೆ ತಾನೆ?"

ಹೌದು ಅನ್ನಿ, ಹೌದು ಅನ್ನಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದೇ ಒಂದು ಮಾತು. ನನ್ನ ಕೈ ತೊಟ್ಟಿಯ ಅಂಚನ್ನು ಹಿಡಿದುಕೊಂಡಿತ್ತು.

"ಅಲ್ಲ" ಎಂದರು ಟಿಲ್ಡಾ. "ಅಟ್ಟಣಿಗೆಗೆ ಬಂದರು."

"ಅದು ತಾನಾಗೇ ಬಿತ್ತೇ?"

"ನಾನೇ ಬೀಳಿಸಿದೆ. ಬೀಳದೇ ಇರೋದನ್ನ ಬಿದ್ದಿದೆ ಅಂತ ಹೇಗೆ ಹೇಳೋದು ಸ್ವಾಮಿ? ಸುಳ್ಳಾಗಲ್ವಾ?"

ಒರೆಸುತ್ತಿದ್ದ ಕೈಗಳೆಲ್ಲ ನಿಂತವು. ಪ್ರಾಟ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಿಜವಾದ ದಿನ ಬಂದರೆ ಏನು ಬೀಳಿಸುತ್ತೀರಿ?"

"ಇನ್ನೂ ಎರಡು ಅಟ್ಟಣಿಗೆ ಇದೆ" ಎಂದರು ಟಿಲ್ಡಾ, ಗಂಭೀರವಾಗಿಯೇ.

ಆರ್ವಿಡ್ ನಗು ತಡೆಯಲಾರದೆ ಕೆಮ್ಮಿದ. ಪ್ರಾಟ್ ನಗಲಿಲ್ಲ. "ನನಗೆ ನಿಮ್ಮ ಮೇಲೆ ಗೌರವವಿದೆ. ಆದರೆ ನಿಯಮ ಸೈರನ್‌ಗೆ ಬರಬೇಕೆಂದಿದೆ, ಉಪ್ಪಿನಕಾಯಿಗೆ ಅಲ್ಲ. ಇದನ್ನು ಪಾಸು ಎನ್ನಲಾರೆ." ಎಂದು ಸೆಲ್ಮರ್ ಕಡೆ ತಿರುಗಿದರು. "ಮಿಸ್ಟರ್ ಹಾಗನ್, ಇವತ್ತಿನಿಂದ ನೀವು ವಾರ್ಡನ್ ಆಗುತ್ತೀರಾ?"

ಸೆಲ್ಮರ್‌ನ ಕಿವಿಗಳು ಬೀಟ್‌ರೂಟಿಗಿಂತ ಕೆಂಪಾದವು. ವರ್ಷದಿಂದ ಕಾದ ಮಾತು ಕಡೆಗೂ ಬಾಗಿಲಿಗೆ ಬಂದಿತ್ತು. ಅವನು ಒಳ್ಳೆಯ ಮನೆತನದ ಮನುಷ್ಯ. ಆದ್ದರಿಂದ ಏನು ಹೇಳಬೇಕೋ ಅದನ್ನೇ ಹೇಳಿದ.

"ಅಯ್ಯೋ, ನಾನಾ? ಬೇಡಿ ಬೇಡಿ. ಟಿಲ್ಡಾ ಚೆನ್ನಾಗೇ ಮಾಡ್ತಿದ್ದಾಳಲ್ಲ."

ಹೇಳಿ, ಒರೆಸುವ ಕೋಲಿನ ಮೇಲೆ ಗದ್ದ ಊರಿ, ಎರಡನೆಯ ಸಲ ಕೇಳುವುದನ್ನು ಕಾದ. ನಾವೆಲ್ಲರೂ ಕಾದೆವು.

"ಸರಿ ಹಾಗಾದರೆ" ಎಂದರು ಪ್ರಾಟ್. "ಬೇಡ ಎಂದ ಮೇಲೆ ಬಲವಂತ ಮಾಡುವುದಿಲ್ಲ. ಮಿಸೆಸ್ ಓವರ್‌ಬಿ, ನೀವೇ ಮುಂದುವರಿಸಿ. ನನಗೆ ಬೇರೆ ದಾರಿಯಿಲ್ಲ." ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋಗೇಬಿಟ್ಟರು. ಕಾರು ಹೊರಟ ಸದ್ದೂ ಕೇಳಿಸಿತು.

ಸೆಲ್ಮರ್ ಇನ್ನೂ ಹಾಗೇ ನಿಂತಿದ್ದ. "ನ್ಯೂಜೆರ್ಸಿಲಿ ಒಂದೇ ಸಲಾನಾ ಕೇಳೋದು?" ಎಂದು ಪಕ್ಕದಲ್ಲಿದ್ದ ಆರ್ವಿಡ್‌ನನ್ನು ಮೆಲ್ಲಗೆ ಕೇಳಿದ.

"ಇರಬೇಕು ಕಣಪ್ಪ. ಅಲ್ಲಿ ಜನ ಹೇಗೆ ಊಟ ಮಾಡ್ತಾರೋ ಏನೋ" ಎಂದ ಆರ್ವಿಡ್.

ನನಗಂತೂ ಆ ದಿನ ಕುಣಿಯುವಷ್ಟು ಖುಷಿ. ಆದರೆ ಟಿಲ್ಡಾ ಮುಖ ಸಪ್ಪಗಿತ್ತು. ಭಾನುವಾರ ಚರ್ಚು ಬಿಟ್ಟ ಮೇಲೆ ನನ್ನ ಪಕ್ಕದಲ್ಲೇ ನಡೆಯುತ್ತಾ, "ನನಗೆ ಸರಿಬರ್ತಿಲ್ಲ ಹುಡುಗಿ. ಆ ಮನುಷ್ಯ ಬೇಡ ಅಂದದ್ದು ಬೇಡ ಅಂತ ಅಲ್ಲ. ಊರಿಗೆಲ್ಲ ಗೊತ್ತು. ನಾನು ಕಾಫಿ ಹೊತ್ತಿಗೆ ಹೋಗಿ ಸರಿಯಾಗಿ ಕೇಳ್ತೀನಿ" ಎಂದರು.

"ಕೇಳಬೇಡಿ!" ಎಂದೆ. ದಾರಿಯಲ್ಲಿದ್ದವರು ತಿರುಗಿ ನೋಡಿದರು. "ಪ್ರಾಟ್ ತಾನೇ ಬಿಟ್ಟು ಹೋದದ್ದು, ನಿಮ್ಮದೇನು ತಪ್ಪು? ಸಿಗ್ರಿಡ್ ಗತಿಯೇನು?"

"ಸೆಲ್ಮರ್‌ಗೆ ಹೇಳ್ತೀನಿ, ಸಿಗ್ರಿಡ್‌ಗೆ ಜಾಗ ಮಾಡಿಕೊಡು ಅಂತ."

"ಅವರು ಹೂಂ ಅಂತಾರೆ. ಆಮೇಲೆ ಬಾಗಿಲಲ್ಲಿ ಹದಿಮೂರನೆಯವಳಾಗಿ ನಾನು ನಿಂತಿರ್ತೀನಿ."

ಆಕೆ ಕೇಳಲಿಲ್ಲ. ನಾನೂ ಹಿಂದೆಯೇ ಹೋದೆ. ಹೇಗಾದರೂ ಮಾತು ಅಡ್ಡ ತಿರುಗಿಸಬೇಕೆಂದು ನನ್ನ ಲೆಕ್ಕ.

ಸೆಲ್ಮರ್ ಮನೆಯಲ್ಲಿ ಮೇಜಿನ ಸುತ್ತ ಕೂತೆವು. ಚಳಿಯ ಮಾತಾಯಿತು, ಹಡಗುಗಳ ಮಾತಾಯಿತು. ಆಮೇಲೆ ಟಿಲ್ಡಾ ನೆಟ್ಟಗೆ ಕೂತು, "ಸೆಲ್ಮರ್, ನೀನು ವಾರ್ಡನ್ ಆಗ್ತೀಯಾ?" ಎಂದರು.

ಸೆಲ್ಮರ್‌ನ ಮುಖ ಅರಳಿತು. "ಛೆ ಛೆ, ಬೇಡ ಟಿಲ್ಡಾ. ನನಗೆಲ್ಲಿ ಅಷ್ಟು ಯೋಗ್ಯತೆ" ಎಂದ. ಎರಡನೆಯ ಬೇಡವೂ ಆಯಿತು. ಅವನು ಕಾಫಿ ಲೋಟವನ್ನು ಬದಿಗಿಟ್ಟು ಎರಡೂ ಕೈ ಖಾಲಿ ಮಾಡಿಕೊಂಡ. ನಾನು ಸಿಗ್ರಿಡ್‌ಳನ್ನು ಚಿವುಟಿ ಅಳಿಸಿಬಿಡಲೇ ಎಂದುಕೊಂಡೆ. ಟಿಲ್ಡಾ ಮೂರನೆಯದಕ್ಕೆ ಬಾಯಿ ತೆರೆದರು.

"ಬೇಡ."

ಹೇಳಿದ್ದು ಸೆಲ್ಮರ್ ಅಲ್ಲ. ವರ್ನಾ, ಒಲೆಯ ಕಡೆ ಮುಖ ಮಾಡಿಕೊಂಡು, ನಮಗೆ ಬೆನ್ನು ಹಾಕಿ.

"ಏನೇ?" ಎಂದ ಸೆಲ್ಮರ್.

"ಬೇಡ ಅಂದೆ. ಉಪಚಾರಕ್ಕಲ್ಲ." ಆಕೆ ತಿರುಗಿದಳು. ಕಣ್ಣು ತುಂಬಿತ್ತು. "ಮೂರು ಸಲ ಸೈರನ್ ಕೂಗ್ತು. ಮೂರು ಸಲಾನೂ ನಾವೆಲ್ಲ ಎಲ್ಲಿದ್ವಿ? ಒಲೆ ಮುಂದೆ, ಇಲ್ಲ ಬಾಗಿಲ ಹತ್ರ, ಇಲ್ಲ ಒಳಗೆ. ಟಿಲ್ಡಾ ಎಲ್ಲಿದ್ಲು? ಬೀದೀಲಿ. ಕೊನೆಯವರು ಒಳಗೆ ಬರೋವರೆಗೂ ಬೀದೀಲೇ. ವಾರ್ಡನ್ ಅಂದ್ರೆ ಅದೇ. ನಿನಗೆ ಕಾಣ್ತಿರೋದು ಹೆಲ್ಮೆಟ್ಟು. ನನಗೆ ನೀನು ಒಳಗೆ ಬೇಕು ಸೆಲ್ಮರ್. ಹೋಗಿ ಹೊರಗೆ ನಿಂತ್ಕೊಂಡ್ರೆ ನಾನು ನಿನ್ನ ಜೊತೆ ಮಾತಾಡಲ್ಲ."

ನಾನು ಆ ನೆಲಮಾಳಿಗೆಯ ಜಾಗವನ್ನು ಎಷ್ಟು ಬಾರಿ ಅಳೆದಿದ್ದೆ! ತೊಟ್ಟಿ ಮಗುವಿಗೆ, ಪಕ್ಕದ ಪೆಟ್ಟಿಗೆ ನನಗೆ, ಗೋಡೆ ಆರ್ವಿಡ್‌ಗೆ. ನಮ್ಮ ಮೂವರ ಆಚೆ ಟಿಲ್ಡಾ ಎಲ್ಲಿ ಕೂರುತ್ತಾರೆ ಎಂದು ಒಂದು ದಿನವೂ ಕೇಳಿರಲಿಲ್ಲ. ಆ ಮನೆ ಆಕೆಯದು.

ಸೆಲ್ಮರ್ ಹೆಂಡತಿಯನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ಅವನಿಗೆ ಇಷ್ಟು ನೇರವಾಗಿ ಪ್ರೀತಿಯ ಮಾತು ಹೇಳಿದ್ದು ಇದೇ ಮೊದಲಿರಬೇಕು. ಅದೂ ಪರರ ಎದುರಿಗೆ. ಅವನು ಎಲ್ಲಿ ನೋಡುವುದೆಂದು ತಿಳಿಯದೆ ಸಕ್ಕರೆ ಡಬ್ಬಿ ನೋಡಿದ.

"ಸರಿ ವರ್ನಾ" ಎಂದರು ಟಿಲ್ಡಾ. "ನಾನೇ ಇರ್ತೀನಿ ಬಿಡು. ಆದ್ರೆ ನಾನು ಬರೋ ಮುಂಚೆ ಬಾಗಿಲು ಹಾಕ್ಕೊಂಡುಬಿಡಬೇಡಿ. ಮೆಟ್ಟಿಲಿಳಿಯೋದು ನಂದು ಸ್ವಲ್ಪ ನಿಧಾನ."

"ಯಾರು ಹಾಕ್ತಾರೆ ನೋಡ್ತೀನಿ" ಎಂದ ಸೆಲ್ಮರ್.

ಇದಾಗಿ ಎರಡು ವರ್ಷ. ಈಗ ಸರ್ಕಾರದ ಬುದ್ಧಿ ಮತ್ತೆ ಬದಲಾಗಿದೆ. ಹೊಸ ಬಾಂಬಿಗೆ ನೆಲಮಾಳಿಗೆ ಸಾಲದಂತೆ. ಸೈರನ್ ಕೂಗಿದೊಡನೆ ಎಲ್ಲರೂ ಕಾರು ಹತ್ತಿ ಉತ್ತರದ ಕಾಡಿನ ದಾರಿ ಹಿಡಿಯಬೇಕೆಂದು ಹೊಸ ಕರಪತ್ರ ಬಂದಿದೆ. ಮೊನ್ನೆ ಮೊನ್ನೆಯವರೆಗೆ ಇದ್ದಲ್ಲೇ ಬಗ್ಗಿ ಎಂದವರೇ ಈಗ ಓಡಿ ಎನ್ನುತ್ತಾರೆ. ಮುಂದಿನ ವರ್ಷ ಮರ ಹತ್ತಿ ಎಂದರೂ ನನಗೆ ಆಶ್ಚರ್ಯವಿಲ್ಲ. ಓದಿದ ರಾತ್ರಿ ನಿದ್ದೆಯಿಲ್ಲ, ಕಾರಿನ ಟೈರು ಒತ್ತಿ ನೋಡಿ ಬಂದೆ.

ಟಿಲ್ಡಾ ಹತ್ತಿರ ಕಾರಿಲ್ಲ. ವಾರ್ಡನ್ ಮನೆಮನೆ ನೋಡಿ, ಎಲ್ಲರೂ ಹೊರಟ ಮೇಲೆ ಹೊರಡಬೇಕೆಂದು ಈಗಲೂ ನಿಯಮ. "ನೀವೆಲ್ಲ ಹೋಗ್ತಿರಿ, ನಾನು ಯಾರದಾದ್ರೂ ಕೊನೇ ಕಾರಲ್ಲಿ ಬರ್ತೀನಿ" ಎಂದರು ಆಕೆ, ಬಸ್ಸು ತಪ್ಪಿದವರ ಹಾಗೆ ಸಲೀಸಾಗಿ.

ಕಳೆದ ವಾರ ಅದರ ಡ್ರಿಲ್ ಆಯಿತು. ಸೈರನ್ ಕೂಗಿತು. ಬೀದಿಯ ಕಾರುಗಳೆಲ್ಲ ಹೊರಟು, ಟಿಲ್ಡಾ ಗೇಟಿನ ಮುಂದೆ ಬಂದು ಸಾಲಾಗಿ ನಿಂತವು. ಪ್ರತಿಯೊಬ್ಬರೂ ಕೊನೆಯ ಕಾರು ತಮ್ಮದೇ ಆಗಬೇಕೆಂದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ಸೆಲ್ಮರ್ ಹಿಂದೆ ಸರಿದು ನಮ್ಮ ಕಾರಿನ ದೀಪ ಒಡೆದ. ಪ್ರಾಟ್ ಧ್ವನಿವರ್ಧಕದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಒಂದು ಕಾರೂ ಕಾಡಿನ ಕಡೆ ಮುಖ ಮಾಡಲಿಲ್ಲ.

ನಾನು ಮುಂದಿನ ಸೀಟು ಖಾಲಿ ಮಾಡಿ, ಸಿಗ್ರಿಡ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದೆ ಕೂತಿದ್ದೆ. ಟಿಲ್ಡಾ ಬೀದಿಯ ಕೊನೆಯಿಂದ ನಿಧಾನವಾಗಿ ನಡೆದು ಬರುತ್ತಿದ್ದರು.

"ಹಾರ್ನ್ ಹೊಡೀಲಾ?" ಎಂದ ಆರ್ವಿಡ್.

"ಬೇಡ, ಗಾಬರಿಯಾಗ್ತಾರೆ. ಇಳಿದು ಹೋಗಿ ಕೈ ಹಿಡ್ಕೋ" ಎಂದೆ.